ಮೈಯ ಭಾರವೂ ಮನದ ಹುರುಪೂ

(ಮಠದ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)

ಧರ್ಮವಿಷಯದಲ್ಲಿ ಮಾತನಾಡಲು ನನಗಿಂತ ನೂರುಪಾಲು ಅರ್ಹರಾದ ವಿದ್ವಾಂಸರು ಈ ವೇದಿಕೆಯ ಮೇಲಿದ್ದಾರೆ. ನಾನು ವೈದ್ಯ, ಮೂವತ್ತು ವರುಷಗಳಿಂದ ಈ ಸೀಮೆಯ ಜನರ ನಾಡಿ ಹಿಡಿದು ಬದುಕಿದವನು. ಶ್ರೀಗಳವರು ಅಪ್ಪಣೆ ಕೊಡಿಸಿದಂತೆ, ಮೈಯ ತೂಕವನ್ನು ಇಳಿಸಿಕೊಳ್ಳುವುದನ್ನು ಕುರಿತು, ಅದಕ್ಕಿಂತ ಹೆಚ್ಚಾಗಿ, ಇಳಿಸಿಕೊಂಡುದನ್ನು ಉಳಿಸಿಕೊಳ್ಳುವುದನ್ನು ಕುರಿತು ಹೇಳಬೇಕೆಂದಿದ್ದೇನೆ. ದಾಸೋಹದ ಮನೆಯಲ್ಲಿ ಗೋಧಿಹುಗ್ಗಿಯೂ ತುಪ್ಪವೂ ಸಿದ್ಧವಾಗಿರುವಾಗ ಇಂತಹ ವಿಷಯವನ್ನೆತ್ತುವುದು ಅಪ್ರಿಯವೆಂದು ಬಲ್ಲೆನು. ಹುಗ್ಗಿಯ ಪರಿಮಳ ಇಲ್ಲಿಯವರೆಗೂ ಬರುತ್ತಿದೆ, ನಾನೂ ಉಣ್ಣತಕ್ಕವನೇ.

ಮೊದಲು ನನ್ನದೇ ಒಂದು ತಪ್ಪನ್ನು ಈ ಸನ್ನಿಧಿಯಲ್ಲಿ ಒಪ್ಪಿಕೊಳ್ಳಬೇಕು. ಇಪ್ಪತ್ತನಾಲ್ಕು ವರುಷಗಳ ಹಿಂದೆ ಕಿರಾಣಿ ಅಂಗಡಿಯ ಯಜಮಾನರೊಬ್ಬರು ನನ್ನ ದವಾಖಾನೆಗೆ ಬಂದರು. ವಯಸ್ಸು ನಲವತ್ತೆಂಟು, ತೂಕ ೯೬ ಕಿಲೋ. ರಕ್ತದಲ್ಲಿ ಸಕ್ಕರೆ ಏರಿತ್ತು. ಮುಂಜಾನೆಯಿಂದ ರಾತ್ರಿಯವರೆಗೆ ಅಂಗಡಿಯ ಗಾದಿಯ ಮೇಲೆ ಕುಳಿತಿರುವುದು. ಬಂದವರಿಗೆ ಚಹಾ ತರಿಸಿದಾಗಲೆಲ್ಲ ತಮಗೂ ಒಂದು. ನಾನು ಆಗ ತರುಣ, ಮಾತಿನಲ್ಲಿ ಮೊನಚು ಹೆಚ್ಚು. “ಹದಿನೈದು ಕಿಲೋ ಇಳಿಸಿಕೊಂಡು ಬನ್ನಿರಿ, ಅಲ್ಲಿಯವರೆಗೆ ನನ್ನ ಔಷಧದಿಂದ ಏನೂ ಆಗುವಂತಿಲ್ಲ” ಎಂದುಬಿಟ್ಟೆನು.

ಅವರು ಮಾನವಂತರು. ಶ್ರಾವಣಮಾಸ ಹಿಡಿದು ರೊಟ್ಟಿಯನ್ನೂ ಅನ್ನವನ್ನೂ ಬಿಟ್ಟು, ಹಾಲುಹಣ್ಣುಗಳ ಮೇಲೆ ಒಪ್ಪತ್ತು ನಡೆಸಿದರು. ಆರು ವಾರಗಳಲ್ಲಿ ೭ ಕಿಲೋ ಇಳಿಯಿತು. ಓಣಿಯೆಲ್ಲ ಹೊಗಳಿತು; ನಾನೂ ಬೆನ್ನು ತಟ್ಟಿದೆನು. ಆಮೇಲೆ ದಸರೆ ಬಂದಿತು, ದೀಪಾವಳಿ ಬಂದಿತು, ಮಗಳ ಮದುವೆ ಬಂದಿತು. ಸಂಕ್ರಾಂತಿಯ ಹೊತ್ತಿಗೆ ತೂಕ ೯೮. ಅಲ್ಲಿಂದ ಮುಂದೆ ಅವರು ನನ್ನ ದವಾಖಾನೆಯ ದಾರಿಯನ್ನೇ ಬಿಟ್ಟರು. ಎರಡೂವರೆ ವರುಷ ಕಳೆದ ಮೇಲೆ ಮಗನು ಕೈಹಿಡಿದು ಕರೆತಂದಾಗ ಬಲಗಾಲಿಗೆ ಅರಿವೆ ಸುತ್ತಿತ್ತು. ಬಿಚ್ಚಿ ನೋಡಿದರೆ ಎರಡು ಬೆರಳುಗಳು ಕರ್ರಗಾಗಿದ್ದುವು. “ಇಷ್ಟು ದಿವಸ ಎಲ್ಲಿ ಹೋಗಿದ್ದಿರಿ, ಯಜಮಾನರೆ?” ಎಂದೆನು. “ತೂಕಾ ಮತ್ತ ಏರಿತ್ತಲ್ರೀ ಡಾಕ್ಟರ್ ಸಾಹೇಬ್ರ, ಯಾವ ಮಾರಿ ಹೊತ್ತು ನಿಮ್ಮ ಮುಂದ ಬರಬೇಕಿತ್ತು?” ಎಂದರು.

ಆ ಬೆರಳುಗಳನ್ನು ತೆಗೆಯಿಸಬೇಕಾಯಿತು. ಸಕ್ಕರೆರೋಗವೇ ಅವನ್ನು ಕೊಂಡೊಯ್ದಿತೆಂದರೆ ಪೂರ್ತಿ ನಿಜವಾಗದು. ಅರ್ಧವನ್ನು ನಾಚಿಕೆಯು ಕೊಂಡೊಯ್ದಿತು. ಆ ನಾಚಿಕೆಯನ್ನು ಹುಟ್ಟಿಸಿದವನು ನಾನು.

ಇಳಿದ ತೂಕವು ಮರಳಿ ಏರಿತೆಂದರೆ ಆ ಮನುಷ್ಯನ ಮನಸ್ಸು ದುರ್ಬಲವೆಂದು ನಾವೆಲ್ಲರೂ ತಿಳಿದಿದ್ದೇವೆ. ಇದು ತಪ್ಪು ತಿಳಿವಳಿಕೆ. ೧೯೪೪ರ ಕೊನೆಯಲ್ಲಿ ಅಮೇರಿಕೆಯ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಆರಂಭಿಸಿದರು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದ ೩೬ ಮಂದಿ ಗಟ್ಟಿಮುಟ್ಟಾದ ತರುಣರು, ಹಸಿವಿನಿಂದ ಬಳಲಿದ ಯುರೋಪಿನ ಜನರಿಗೆ ಉಪಚಾರದ ದಾರಿ ತಿಳಿಯಲೆಂದು ತಾವಾಗಿಯೇ ಮುಂದೆ ಬಂದರು. ೧೯೪೫ರಲ್ಲಿ ಆರು ತಿಂಗಳಷ್ಟು ಕಾಲ ಅವರಿಗೆ ಅರೆಹೊಟ್ಟೆಯ ಊಟ. ಮೈಯ ತೂಕದಲ್ಲಿ ಸುಮಾರು ಕಾಲುಪಾಲು ಇಳಿಯಿತು. ಆದರೆ ಅದರೊಡನೆ ನಾಡಿ ನಿಧಾನವಾಯಿತು, ಮೈ ತಣ್ಣಗಾಯಿತು, ಕನಸಿನಲ್ಲಿಯೂ ಊಟವೇ ಬರತೊಡಗಿತು. ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಓದುತ್ತ ಕುಳಿತವರುಂಟು. ಊಟದ ಕಟ್ಟು ಸಡಿಲಿದ ಮೇಲೆ ಹೊಟ್ಟೆ ಬಿರಿಯುವಂತೆ ಉಂಡರೂ ಅವರ ಹಸಿವು ಹಿಂಗಲಿಲ್ಲ. ಒಂದು ತತ್ವಕ್ಕಾಗಿ ಇಡೀ ನಾಡಿನ ನಿಂದೆಯನ್ನು ಸಹಿಸಿಕೊಂಡಿದ್ದ ಜನರಿವರು. ಇವರನ್ನು ದುರ್ಬಲಚಿತ್ತರೆಂದು ಯಾರು ಅಂದಾರು?

ದೇಹವೆಂಬುದು ಬರಗಾಲವನ್ನು ಕಂಡ ಒಕ್ಕಲಿಗನಂತೆ. ಹಗೇವಿನ ಜೋಳ ಬಿರಬಿರನೆ ಇಳಿಯುತ್ತಿದೆಯೆಂದು ಕಂಡೊಡನೆ ಅವನು ಮನೆಯ ವೆಚ್ಚವನ್ನೆಲ್ಲ ಹಿಡಿಯುವನು. ಮುಂದಿನ ಸುಗ್ಗಿ ಬಂದಾಗ ಮೊದಲು ಹಗೇವನ್ನು ತುಂಬಿದಲ್ಲದೆ ಅವನಿಗೆ ನಿದ್ರೆ ಬಾರದು. ದೂರದರ್ಶನದ ಪಂದ್ಯವೊಂದಕ್ಕಾಗಿ ಅತಿವೇಗದಿಂದ ತೂಕ ಇಳಿಸಿದ ೧೪ ಮಂದಿಯನ್ನು ಆರು ವರುಷಗಳ ತರುವಾಯ ಅಮೇರಿಕೆಯಲ್ಲಿ ಪರೀಕ್ಷಿಸಿದ ವೃತ್ತಾಂತವು ೨೦೧೬ರಲ್ಲಿ ಪ್ರಕಟವಾಯಿತು. ಸರಾಸರಿ ೫೮ ಕಿಲೋ ಇಳಿಸಿದ್ದವರಿಗೆ ೪೧ ಕಿಲೋ ಮರಳಿ ಬಂದಿತ್ತು. ಸುಮ್ಮನೆ ಕುಳಿತಾಗಲೂ ಅವರ ದೇಹವು ಎಣಿಕೆಗಿಂತ ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಅಂದರೆ ಹೆಚ್ಚುಕಡಿಮೆ ಒಂದು ಹೊತ್ತಿನ ಊಟದಷ್ಟು. ಆದುದರಿಂದ ಹಗೇವು ಬರಿದಾಗುತ್ತಿರುವ ಸುಳಿವು ಒಕ್ಕಲಿಗನಿಗೆ ಹತ್ತದಂತೆ, ಮೆಲ್ಲಗೆ ತೆಗೆಯುವುದೇ ಜಾಣತನ.

ಇನ್ನು ಎಷ್ಟು ಇಳಿಸಬೇಕು? ನಾನು ಅಂದು ಹೇಳಿದ ಹದಿನೈದು ಕಿಲೋ ಶಾಸ್ತ್ರದ ಮಾತಲ್ಲ, ಅಹಂಕಾರದ ಮಾತು. ಸಕ್ಕರೆರೋಗದ ಹೊಸ್ತಿಲಲ್ಲಿ ನಿಂತಿದ್ದ ೩,೨೩೪ ಮಂದಿಯ ಮೇಲೆ ಅಮೇರಿಕೆಯಲ್ಲಿ ನಡೆದ ಪ್ರಯೋಗದ ಫಲವು ೨೦೦೨ರಲ್ಲಿ ಹೊರಬಂದಿತು. ಅವರಲ್ಲಿ ಒಂದು ತಂಡದವರಿಗೆ ಹೇಳಿದ್ದು ಇಷ್ಟೇ: ತೂಕದಲ್ಲಿ ನೂರಕ್ಕೆ ೭ ಪಾಲು ಇಳಿಸಿರಿ, ವಾರಕ್ಕೆ ೧೫೦ ನಿಮಿಷ ನಡೆಯಿರಿ. ೮೦ ಕಿಲೋ ತೂಗುವವರಿಗೆ ಇದು ಐದೂವರೆ ಕಿಲೋ ಆದೀತು. ಆ ತಂಡದಲ್ಲಿ ರೋಗಕ್ಕೆ ಬಿದ್ದವರು, ಹುಸಿಗುಳಿಗೆ ನುಂಗಿದವರಿಗಿಂತ ನೂರಕ್ಕೆ ೫೮ರಷ್ಟು ಕಡಿಮೆ. ಮೆಟ್‌ಫಾರ್ಮಿನ್ ಎಂಬ ಔಷಧ ಕೊಂಡವರಲ್ಲಿ ಕಡಿಮೆಯಾದುದು ೩೧ ಮಾತ್ರ. ನನ್ನನ್ನು ಹೆಚ್ಚು ಬೆರಗುಗೊಳಿಸಿದುದು ಆಮೇಲಿನ ಕಥೆ. ಹತ್ತು ವರುಷ ಕಳೆದಾಗ, ಇಳಿಸಿದ ತೂಕದ ಬಹುಪಾಲು ಅವರಿಗೆ ಮರಳಿ ಬಂದಿತ್ತು. ಆದರೂ ಮೊದಲಿನಿಂದ ಲೆಕ್ಕ ಹಿಡಿದರೆ ಅವರಲ್ಲಿ ರೋಗವು ನೂರಕ್ಕೆ ೩೪ರಷ್ಟು ಕಡಿಮೆಯೇ ಇದ್ದಿತು. ನಮ್ಮ ದೇಶದಲ್ಲಿಯೇ ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಅವರು ೫೩೧ ಮಂದಿಯಲ್ಲಿ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಊಟ ನಡಿಗೆಗಳ ಬದಲಾವಣೆಯಿಂದ ರೋಗವು ನೂರಕ್ಕೆ ೨೮ರಷ್ಟು ತಗ್ಗಿತು. ತೂಕವಾದರೋ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿಯು ಬೇಸರ ಹುಟ್ಟಿಸಿದ ದಿವಸ ಈ ಚೆನ್ನೈಯ ಜನರನ್ನು ನೆನೆಯಿರಿ. ತಕ್ಕಡಿಗೆ ಕಾಣದ ಲಾಭವು ರಕ್ತದೊಳಗೆ ಜಮೆಯಾಗುತ್ತಿರುವುದುಂಟು.

ಆರಂಭವನ್ನು ಎಲ್ಲಿಂದ ಮಾಡತಕ್ಕದ್ದು? ದರ್ಜಿಯ ಟೇಪಿನಿಂದ ಮಾಡಿರಿ. ಕೊನೆಯ ಪಕ್ಕೆಲುಬಿಗೂ ಟೊಂಕದ ಎಲುಬಿಗೂ ನಡುವೆ ಸುತ್ತಿ ನೋಡಿದರೆ ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦ ಮೀರಿದ್ದಲ್ಲಿ ಎಚ್ಚರ ಬೇಕು. ಆ ಬಳಿಕ ಚಹಾ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚೆ ಎಂದರೆ ೪೦ರಿಂದ ೫೦ ಗ್ರಾಂ ಸಕ್ಕರೆಯಾಯಿತು. ಸುಮಾರು ೨೫ ಗ್ರಾಮಿನೊಳಗೆ ಇದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೇಳಿತು. ಒಮ್ಮೆಗೇ ಸಪ್ಪೆ ಚಹಾ ಕುಡಿಯಲು ಹೋಗಬೇಡಿರಿ, ಮೂರನೆಯ ದಿನಕ್ಕೆ ಬಿಟ್ಟುಬಿಡುವಿರಿ. ಎರಡು ವಾರಕ್ಕೊಮ್ಮೆ ಅರ್ಧ ಚಮಚೆ ಇಳಿಸಿರಿ. ನಾಲಗೆಗೆ ಮೋಸವಾದುದು ತಿಳಿಯಲಾರದು. ಎಣ್ಣೆಯ ಸಂಗತಿ ಇನ್ನೂ ದೊಡ್ಡದು. ಒಂದು ದೊಡ್ಡ ಚಮಚೆ ಎಣ್ಣೆಯಲ್ಲಿ ೧೨೦ ಕ್ಯಾಲೊರಿಯುಂಟು. ಅರ್ಧ ತಾಸು ಬಿರುಸಾಗಿ ನಡೆದರೆ ವೆಚ್ಚವಾಗುವುದೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ನಡೆದೇ ಕರಗಿಸುವೆನೆಂಬ ಹಟ ಬೇಡ. ಇಳಿಸುವುದು ಮುಖ್ಯವಾಗಿ ಅಡುಗೆಮನೆಯ ಕೆಲಸ. ಇಳಿದುದನ್ನು ಕಾಯುವುದು ಕಾಲುಗಳ ಕೆಲಸ. ತಿಂಗಳಿಗೆ ಮನೆಗೆ ಎಷ್ಟು ಎಣ್ಣೆ ಬರುವುದೆಂದು ಬರೆದಿಡಿರಿ, ಮುಂದಿನ ತಿಂಗಳು ಎಂಟನೆಯ ಒಂದು ಪಾಲು ಕಡಿಮೆ ತನ್ನಿರಿ. ಅಂಗಡಿಯಿಂದ ಬಾರದ ಎಣ್ಣೆಯನ್ನು ಬಾಣಲಿಗೆ ಯಾರೂ ಹಾಕಲಾರರು.

ಜೋಳದ ರೊಟ್ಟಿಯನ್ನು ಬಿಡಬೇಕೆಂದು ಈಚೆಗೆ ಕೆಲವರು ಹೆದರಿಸುತ್ತಾರೆ. ನಾನು ಹೇಳಲಾರೆನು. ನಾಲ್ಕು ಉಣ್ಣುವವರು ಮೂರು ಉಣ್ಣಿರಿ. ತೆರವಾದ ಜಾಗದಲ್ಲಿ ಹೆಸರುಕಾಳಿನ ಪಲ್ಯ, ಹಸಿಯ ಮೆಂತ್ಯದ ಸೊಪ್ಪು, ಹಕ್ಕರಿಕೆ, ಸೌತೆಕಾಯಿ, ಮಜ್ಜಿಗೆಗಳು ಬರಲಿ. ಕಾಳು ಮಜ್ಜಿಗೆಗಳು ಇಲ್ಲದೆ ಬರಿದೆ ಉಪವಾಸದಿಂದ ಇಳಿದ ತೂಕದಲ್ಲಿ ಬೊಜ್ಜಿನೊಡನೆ ಸ್ನಾಯುವೂ ಕರಗುವುದು. ಸಕ್ಕರೆರೋಗಕ್ಕೆ ಇನ್ಸುಲಿನ್ನಾಗಲಿ ಗುಳಿಗೆಯಾಗಲಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಕೂಡದು. ಸಕ್ಕರೆ ಪಾತಾಳಕ್ಕಿಳಿದು ಪ್ರಾಣಕ್ಕೆ ಬಂದುದನ್ನು ಕಂಡಿದ್ದೇನೆ.

ಎಡೆಯಲ್ಲಿ ಬಿಡಬಾರದೆಂಬ ನಮ್ಮ ಪ್ರಸಾದದ ನಿಯಮದ ಮಾತು ಇಲ್ಲಿ ಬರುತ್ತದೆ. ನಿಯಮವು ಒಳ್ಳೆಯದೇ. ಆದರೆ ಅದು ಆರಂಭವಾಗುವುದು ಊಟದ ಕೊನೆಯಲ್ಲಿ ಅಲ್ಲ, ನೀಡಿಸಿಕೊಳ್ಳುವಾಗ. ಮೊದಲು ಅರ್ಧ ನೀಡಿಸಿಕೊಂಡು, ಬೇಕೆನಿಸಿದರೆ ಮತ್ತೆ ಕೇಳುವುದರಲ್ಲಿ ಅಗೌರವವೇನೂ ಇಲ್ಲ. ನೀಡುವ ಅಣ್ಣಂದಿರಲ್ಲಿಯೂ ನನ್ನದೊಂದು ಬಿನ್ನಹ: ಕೈ ಅಡ್ಡ ಹಿಡಿದವರ ಬೆರಳ ಸಂದಿನಿಂದ ಹೋಳಿಗೆ ಹಾಕುವ ಪ್ರೀತಿಯನ್ನು ತುಸು ತಡೆಯಿರಿ. ಮನೆಯಲ್ಲಿ ತಾಯಂದಿರದು ಬೇರೊಂದು ಕಷ್ಟ. ಎಲ್ಲರದೂ ಆದ ಮೇಲೆ ಉಳಿದುದು ಕೆಡಬಾರದೆಂದು ತಮ್ಮ ಹೊಟ್ಟೆಗೇ ಹಾಕಿಕೊಳ್ಳುವರು. ನಡೆಯಲು ಹೋಗೋಣವೆಂದರೆ ಅತ್ತೆಯ ಚಹಾ, ಮಕ್ಕಳ ಡಬ್ಬಿ. ಇಲ್ಲಿರುವ ಗಂಡಸರು ಮುಂಜಾನೆಯ ಅರ್ಧ ತಾಸು ಒಲೆಯ ಮುಂದೆ ನಿಂತು ಸೊಸೆಗೋ ಹೆಂಡತಿಗೋ ಬಿಡುವು ಕೊಡದಿದ್ದರೆ ನನ್ನ ಈ ಭಾಷಣವು ಅವರ ಪಾಲಿಗೆ ಗಾಳಿಗೆ ಹೋದಂತೆಯೇ.

ಹುರುಪು ಉಳಿಯುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ಹುರುಪನ್ನು ನೆಚ್ಚಬೇಡಿರೆಂಬುದೇ ನನ್ನ ಉತ್ತರ. ನಿಮ್ಮಲ್ಲಿ ಬಹುಮಂದಿ ದಿನವೂ ಮುಂಜಾನೆ ಮಿಂದು ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವಿರಿ. ಇಂದು ಹುರುಪಿದೆಯೇ ಎಂದು ಮನಸ್ಸನ್ನು ಕೇಳಿ ಕುಳಿತುಕೊಳ್ಳುವಿರಾ? ಹೊತ್ತಾಯಿತು, ಕುಳಿತಿರಿ. ನಡಿಗೆಯನ್ನು ಈ ಪೂಜೆಯ ಬೆನ್ನಿಗೇ ಕಟ್ಟಿರಿ. ವಿಭೂತಿಯ ಗಟ್ಟಿಯನ್ನು ಎತ್ತಿಟ್ಟ ಕೈ ಕೆರವಿನ ಕಡೆಗೆ ಹೋಗಲಿ. ಮೊದಲ ವಾರ ಹತ್ತು ನಿಮಿಷ ಸಾಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ೯೬ ಮಂದಿಯನ್ನು ಗಮನಿಸಿ ೨೦೧೦ರಲ್ಲಿ ಪ್ರಕಟಿಸಿದಂತೆ, ಹೊಸದೊಂದು ಅಭ್ಯಾಸವು ತಾನಾಗಿ ನಡೆಯತೊಡಗಲು ಸಾಮಾನ್ಯವಾಗಿ ೬೬ ದಿನ ಹಿಡಿಯಿತು. ಕೆಲವರಿಗೆ ೧೮, ಕೆಲವರಿಗೆ ೨೫೪. ನಡುವೆ ಒಂದು ದಿನ ತಪ್ಪಿದುದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಈ ಕೊನೆಯ ಮಾತನ್ನು ಇಪ್ಪತ್ತನಾಲ್ಕು ವರುಷಗಳ ಹಿಂದೆ ಯಜಮಾನರಿಗೆ ಹೇಳಬಲ್ಲವನಾಗಿದ್ದರೆ!

೧೩ ಕಿಲೋಗಿಂತ ಹೆಚ್ಚು ಇಳಿಸಿ ವರುಷಕ್ಕೂ ಮಿಕ್ಕಿ ಉಳಿಸಿಕೊಂಡವರ ದಾಖಲೆಯೊಂದನ್ನು ಅಮೇರಿಕೆಯಲ್ಲಿ ೧೯೯೪ರಲ್ಲಿ ತೆರೆದರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇರಿದರು. ಅವರಲ್ಲಿ ಬಹುಮಂದಿ ದಿನವೂ ಸುಮಾರು ಒಂದು ತಾಸು ಮೈ ಆಡಿಸುವವರು, ಹೆಚ್ಚಿನವರದು ಬರಿಯ ನಡಿಗೆ. ವಾರಕ್ಕೊಮ್ಮೆಯಾದರೂ ತಕ್ಕಡಿ ಏರುವವರು. ಈಗ ಸೆಮಾಗ್ಲುಟೈಡ್ ಮುಂತಾದ ಚುಚ್ಚುಮದ್ದುಗಳು ಬಂದಿವೆ. ಕೆಲವರಿಗೆ ಬೇಕಾದುವೇ, ನಾನೂ ಬರೆದುಕೊಡುತ್ತೇನೆ. ಆದರೆ ನಿಲ್ಲಿಸಿದ ಒಂದು ವರುಷದಲ್ಲಿ ಇಳಿದುದರ ಮೂರರಲ್ಲಿ ಎರಡು ಪಾಲು ಮರಳಿತೆಂದು ೨೦೨೨ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಹಗೇವಿನ ಒಕ್ಕಲಿಗ ಅಲ್ಲಿಯೂ ಕಾದಿದ್ದನು.

ಯಜಮಾನರ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆನು. ಕಾಲಿನ ಗಾಯ ಮಾಗಿದ ಮೇಲೆ ನಾನೇ ಅವರ ಅಂಗಡಿಗೆ ಹೋಗಿ ಗಾದಿಯ ಮೇಲೆ ಕುಳಿತು ಕ್ಷಮೆ ಬೇಡಿದೆನು. ಅವರ ಖಾತೆಕಿರ್ದಿಯ ಹಾಗೆಯೇ ಒಂದು ಸಣ್ಣ ವಹಿ ಮಾಡಿದೆವು. ಅದರಲ್ಲಿ ಮೊದಲು ನಡೆದ ನಿಮಿಷ, ಕುಡಿದ ಚಹಾ, ಕೊನೆಗೆ ತೂಕ. ಎಷ್ಟಿಳಿಸಬೇಕೆಂದು ನಾನು ಹೇಳಲಿಲ್ಲ. ಏನಾಗಬೇಕೆಂದು ಕೇಳಿದೆನು. “ಪೂಜಿಗೆ ನೆಲಕ್ಕ ಕುಂತು, ಕೈ ಊರದs ಏಳಬೇಕ್ರಿ” ಎಂದರು. ಅಮಾವಾಸ್ಯೆಯ ಮರುದಿನ ಬರಬೇಕು, ಏರಿದ್ದರೂ ಬರಬೇಕು, ಏರಿದ್ದರೆ ತಪ್ಪದೆ ಬರಬೇಕು ಎಂದು ಕರಾರು ಮಾಡಿಕೊಂಡೆವು. ಈಗ ಅವರಿಗೆ ಎಪ್ಪತ್ತೆರಡು. ಮೆತ್ತನೆಯ ಕೆರವು ಮೆಟ್ಟಿ ಅಂಗಡಿಯವರೆಗೆ ನಡೆದೇ ಹೋಗುತ್ತಾರೆ. ತೂಕ ಬಹಳ ವರುಷಗಳಿಂದ ೮೯ರ ಆಜುಬಾಜು. ಹೋದ ತಿಂಗಳು ಮಗನ ಹೊಸಮನೆಯ ಗೃಹಪ್ರವೇಶವಾಗಿತ್ತು. ಬಂದವರೇ ತಾವಾಗಿ ತಕ್ಕಡಿ ಏರಿ, ಕನ್ನಡಕ ಸರಿಮಾಡಿಕೊಂಡು ನೋಡಿ, “ಏರೇತ್ರಿ ಒಂದ್ ಕಿಲೋ, ಬರಕೋರಿ” ಎಂದು ನಕ್ಕರು. ಬರೆದುಕೊಂಡೆನು.

ಪೌಳಿಯ ಬಲಬದಿಯಲ್ಲಿ ಒಂದು ತಕ್ಕಡಿಯನ್ನೂ ಟೇಪನ್ನೂ ವಹಿಗಳನ್ನೂ ಇರಿಸಿದ್ದೇವೆ. ದಾಸೋಹಕ್ಕೆ ಮುಂಚೆ ಬಂದರೂ ಸರಿ, ಹುಗ್ಗಿ ಉಂಡು ಬಂದರೂ ಸರಿ, ನಾನು ಸಂಜೆಯವರೆಗೆ ಅಲ್ಲಿರುವೆನು.