ಆಟದ ರೈಲಿಗೆ ಒಡೆಯರು ಯಾರು?

(ಹವ್ಯಾಸಗಳನ್ನು ಕುರಿತು ಮಾಡಿದ ಭಾಷಣವೊಂದರ ಬರಹರೂಪ)



2009ರ ಫೆಬ್ರುವರಿ 4ರಂದು ದಕ್ಷಿಣ ಜರ್ಮನಿಯ ಗೋಪಿಂಗೆನ್ ಎಂಬ ಊರಿನ ಕಂಪೆನಿಯೊಂದು ತನ್ನಿಂದ ಸಾಲ ತೀರಿಸಲಾಗದೆಂದು ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಸಲ್ಲಿಸಿತು. ಕಂಪೆನಿಗಳು ಮುಳುಗುವುದು ಆಗ ವಿಶೇಷ ಸುದ್ದಿಯೇನಲ್ಲ. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳೇ ಮಗುಚಿಕೊಂಡಿದ್ದವು. ಆದರೂ ಈ ಒಂದು ಸುದ್ದಿ ಜರ್ಮನಿಯ ಮನೆ ಮನೆಯಲ್ಲಿ ಮಾತಾಯಿತು. ಕಂಪೆನಿಯ ಹೆಸರು ಮೆರ್ಕ್ಲಿನ್. ಅದು ಮಾಡುತ್ತಿದ್ದುದು ಉಕ್ಕನ್ನಲ್ಲ, ಔಷಧಿಯನ್ನಲ್ಲ, ಆಟದ ರೈಲನ್ನು. ಅದು ಹುಟ್ಟಿ ಆ ವರ್ಷಕ್ಕೆ ಸರಿಯಾಗಿ 150 ವರ್ಷ ತುಂಬುತ್ತಿತ್ತು. ಮಾರನೆಯ ದಿನವೇ ನ್ಯೂರೆಂಬರ್ಗಿನ ಆಟಿಕೆ ಮೇಳ ತೆರೆಯುವುದಿತ್ತು. ಹಬ್ಬದ ಹಿಂದಿನ ದಿನವೇ ಮನೆಯ ಹಿರಿಯರು ಹಾಸಿಗೆ ಹಿಡಿದ ಹಾಗೆ.

ಐವತ್ತು ಅರವತ್ತು ದಾಟಿದ ಗೃಹಸ್ಥರು ಒಂದು ಆಟಿಕೆಯ ಕಂಪೆನಿಗಾಗಿ ಅಷ್ಟು ಕಳವಳಪಟ್ಟರೆಂದರೆ ನಮಗೆ ಒಮ್ಮೆ ನಗು ಬರಬಹುದು. ಆದರೆ ಆ ಕಳವಳಕ್ಕೆ ಗಟ್ಟಿಯಾದ ಕಾರಣವಿದೆ. ಅದನ್ನು ತಮ್ಮ ಮುಂದಿಡುವುದೇ ನನ್ನ ಇಂದಿನ ಉದ್ದೇಶ.

ಮೊದಲು ಈ ರೈಲು ಎಂತಹದೆಂದು ನೋಡೋಣ. ನಿಜವಾದ ರೈಲನ್ನು 87 ಪಾಲು ಮಾಡಿ ಒಂದು ಪಾಲನ್ನು ಇಟ್ಟುಕೊಂಡರೆ ಎಷ್ಟಾಗುತ್ತದೋ ಅಷ್ಟು ಇದರ ಗಾತ್ರ. ಯೂರೋಪಿನ ರೈಲುಹಳಿಯ ಅಗಲ 1,435 ಮಿಲಿಮೀಟರು. ಮಾದರಿ ಹಳಿಯದು 16.5. ಇಪ್ಪತ್ತು ಮೀಟರಿನ ಎಂಜಿನ್ ಅಂಗೈಯಿಂದ ಮೊಣಕೈವರೆಗಿನ ಅಳತೆಗೆ ಇಳಿಯುತ್ತದೆ. ಆದರೂ ಅದಕ್ಕೆ ಮೋಟಾರು, ದೀಪ, ಗಾಲಿಗೆ ಗಾಲಿ ಜೋಡಿಸುವ ಸಲಾಕೆ ಎಲ್ಲವೂ ಇರುತ್ತವೆ. ಹವ್ಯಾಸಿಯು ಅಟ್ಟದ ಮೇಲೋ ನೆಲಮಾಳಿಗೆಯಲ್ಲೋ ದೊಡ್ಡ ಹಲಗೆ ಹಾಸಿ ಬೆಟ್ಟ, ಸುರಂಗ, ಸ್ಟೇಷನ್ನುಗಳನ್ನು ಕಟ್ಟುತ್ತಾನೆ. ಈ ಕೆಲಸ ಒಂದು ವರ್ಷಕ್ಕೆ ಮುಗಿಯುವುದಲ್ಲ. ಮುಗಿಯಬಾರದೆಂಬುದೇ ಅದರ ಸೊಗಸು. ಪ್ರತಿ ಕ್ರಿಸ್ಮಸ್ಸಿಗೆ ಒಂದು ಎಂಜಿನ್ನೋ ಎರಡು ಬೋಗಿಯೋ ಸೇರುತ್ತ ಹೋಗುತ್ತದೆ. ತಂದೆ ಆರಂಭಿಸಿದ್ದನ್ನು ಮಗ ಮುಂದುವರಿಸುತ್ತಾನೆ.

ಮೆರ್ಕ್ಲಿನ್ ಕಂಪೆನಿಯ ಏಳಿಗೆಯ ಗುಟ್ಟು ಇರುವುದು ಇಲ್ಲಿಯೇ. 1859ರಲ್ಲಿ ತಗಡಿನ ಕೆಲಸಗಾರ ಥಿಯೋಡೋರ್ ಫ್ರೀಡ್ರಿಷ್ ವಿಲ್‌ಹೆಲ್ಮ್ ಮೆರ್ಕ್ಲಿನ್ ಬೊಂಬೆಮನೆಗೆ ಬೇಕಾದ ಪುಟ್ಟ ಪಾತ್ರೆಗಳನ್ನು ಮಾಡತೊಡಗಿದ. 1866ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಕ್ಯಾರೊಲೀನ್ ಊರೂರು ಸುತ್ತಿ ಮಾರಾಟ ಮಾಡಿ ವ್ಯಾಪಾರವನ್ನು ಉಳಿಸಿದಳು. ಮಕ್ಕಳ ಕಾಲಕ್ಕೆ, 1891ರ ಲೈಪ್‌ಸಿಗ್ ಮೇಳದಲ್ಲಿ, ಕೀಲಿ ಕೊಟ್ಟು ಓಡಿಸುವ ರೈಲೊಂದನ್ನು ಎಂಟರ ಆಕಾರದ ಹಳಿಯ ಮೇಲೆ ಓಡಿಸಿ ತೋರಿಸಿದರು. ಆಟದ ರೈಲು ಅದಕ್ಕೆ ಮುಂಚೆಯೂ ಇತ್ತು. ಹೊಸದೇನೆಂದರೆ, ಹಳಿಯ ಅಗಲಗಳನ್ನು ಇಂತಿಷ್ಟೆಂದು ಗೊತ್ತುಮಾಡಿ ಅವಕ್ಕೆ ಅಂಕಿಗಳನ್ನು ಕೊಟ್ಟದ್ದು. ಈ ವರ್ಷ ಎಂಜಿನ್ ಕೊಳ್ಳಿ. ಮುಂದಿನ ವರ್ಷ ಹಳಿ, ಅದರ ಮುಂದಿನ ವರ್ಷ ಬೋಗಿ ಕೊಳ್ಳಿ. ಎಲ್ಲವೂ ಒಂದಕ್ಕೊಂದು ಹೊಂದುತ್ತವೆ ಎಂಬುದು ಅದರ ಅರ್ಥ. ಗಿರಾಕಿಗೆ ಮಾರಿದ್ದು ಸಾಮಾನನ್ನು ಮಾತ್ರವಲ್ಲ, ಒಂದು ಮಾತನ್ನೂ.

1935ರಲ್ಲಿ ಮೇಜಿನ ಮೇಲೆ ಹಿಡಿಯುವಂತಹ 16.5 ಮಿಲಿಮೀಟರು ಹಳಿಯ ವಿದ್ಯುತ್ ರೈಲು ಬಂತು. ಬೇರೆ ಕಂಪೆನಿಗಳು ಕ್ರಮೇಣ ಎರಡು ಹಳಿಗಳಲ್ಲೇ ನೇರ ವಿದ್ಯುತ್ತನ್ನು ಹರಿಸುವ ಪದ್ಧತಿಗೆ ಹೋದರೂ ಮೆರ್ಕ್ಲಿನ್ ನಡುವೆ ಮೂರನೆಯ ವಾಹಕವಿರುವ ಪದ್ಧತಿಯನ್ನು ಬಿಡಲಿಲ್ಲ. 1950ರ ದಶಕದಿಂದ ಆ ಮೂರನೆಯ ಹಳಿ ಅಡಿಹಲಗೆಗಳ ನಡುವಿನ ಸಣ್ಣ ಗುಬುಟುಗಳಾಗಿ ಕಣ್ಮರೆಯಾಯಿತಷ್ಟೆ. ಇದರಿಂದ ಒಂದು ಲಾಭ, ಒಂದು ಬಂಧನ. ಅಜ್ಜನ ಕಾಲದ ಎಂಜಿನ್ ಮೊಮ್ಮಗನ ಹಳಿಯ ಮೇಲೂ ಓಡುತ್ತದೆ ಎಂಬುದು ಲಾಭ. ಅದು ಬೇರೆಯವರ ಎರಡು ಹಳಿಯ ಪದ್ಧತಿಯಲ್ಲಿ ಓಡುವುದಿಲ್ಲ ಎಂಬುದು ಬಂಧನ. ಮೂವತ್ತು ವರ್ಷ ಮೆರ್ಕ್ಲಿನ್ ಕೂಡಿಸಿದವನು ಸುಲಭವಾಗಿ ಬೇರೆ ಅಂಗಡಿಗೆ ಹೋಗಲಾರ. ಹೆಣ್ಣು ಕೊಟ್ಟ ಮನೆಯ ಹಾಗೆ, ಅದು ಚೆನ್ನಾಗಿರಲಿ ಎಂದು ಹಾರೈಸುವುದೊಂದೇ ಅವನಿಗೆ ದಾರಿ.

ಈಗ ನೋಡಿ, ಕಂಪೆನಿ ಕೈ ಬದಲಾಗುತ್ತದೆಂದ ಕೂಡಲೇ ಹವ್ಯಾಸಿಯ ಮನಸ್ಸಿನಲ್ಲಿ ಮೂರು ಭಯ ಏಳುತ್ತವೆ.

ಒಂದು, ಹಳಿಯ ಭಯ. ಹೊಸ ಯಜಮಾನ ಪದ್ಧತಿಯನ್ನೇ ಬದಲಾಯಿಸಿದರೆ ನನ್ನ ಅಟ್ಟದ ಮೇಲಿನ ಮೂವತ್ತು ವರ್ಷ ಏನಾಗಬೇಕು?

ಎರಡು, ಅಚ್ಚಿನ ಭಯ. ಒಳ್ಳೆಯ ಮಾದರಿ ಎಂಜಿನ್ನಿನ ಒಡಲನ್ನು ಸತುವಿನ ಮಿಶ್ರಲೋಹವನ್ನು ಕರಗಿಸಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ಎರಕ ಹೊಯ್ಯುತ್ತಾರೆ. ಅಚ್ಚು ಮಾಡುವುದು ಬಹಳ ದುಬಾರಿ, ಬಹಳ ನಾಜೂಕು. ಕಂಪೆನಿಯ ನಿಜವಾದ ಆಸ್ತಿ ಅದೇ. ಸ್ವಿಟ್ಜರ್ಲೆಂಡಿನ ಗೊಟ್‌ಹಾರ್ಡ್ ಬೆಟ್ಟದ ದಾರಿಯಲ್ಲಿ ಓಡಿದ, ಉದ್ದ ಮೂತಿಯ ಕಾರಣಕ್ಕೆ ‘ಮೊಸಳೆ’ ಎಂದೇ ಹೆಸರಾದ ಎಂಜಿನ್ ಒಂದಿದೆ. 1947ರಲ್ಲಿ ಈ ಸಣ್ಣ ಗಾತ್ರದಲ್ಲಿ ಬಂದ ಅದರ ಮಾದರಿ ಮೆರ್ಕ್ಲಿನ್ ಪ್ರಿಯರ ಕಣ್ಮಣಿ. ಇಂತಹ ಅಚ್ಚುಗಳು ಹರಾಜಿನಲ್ಲಿ ಚದುರಿದರೆ ಮತ್ತೆ ಒಂದೆಡೆ ಸೇರುವುದು ಕಷ್ಟ.

ಮೂರು, ಕೈಗಳ ಭಯ. ಅಚ್ಚನ್ನು ಲಾರಿಗೆ ಹೇರಬಹುದು; ಅದರೊಡನೆ ಮೂವತ್ತು ವರ್ಷ ಕೆಲಸ ಮಾಡಿದ ಕೈಗಳನ್ನು ಹೇರಲಾಗದು.

ಈ ಭಯಗಳು ಕಲ್ಪನೆಯವಲ್ಲ. ಇಂಗ್ಲೆಂಡಿನಲ್ಲಿ ಇವು ಒಮ್ಮೆ ನಿಜವಾದವು. ಮೆಕ್ಯಾನೊ ಎಂಬ ಲೋಹಪಟ್ಟಿಗಳ ಜೋಡಣೆ ಆಟವನ್ನು ಕಂಡುಹಿಡಿದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಿಂದ ಆಟದ ರೈಲುಗಳನ್ನೂ ಮಾಡಿದ. ಅವನು ತೀರಿಕೊಂಡ ಎರಡು ವರ್ಷಕ್ಕೆ, 1938ರಲ್ಲಿ, ‘ಹಾರ್ನ್‌ಬಿ ಡಬ್ಲೋ’ ಬಂತು. ಎರಕದ ಲೋಹದ ಆ ಎಂಜಿನ್ನುಗಳ ಗಟ್ಟಿತನವೇ ಬೇರೆ. 1950ರ ದಶಕದಲ್ಲಿ ಲೈನ್ಸ್ ಬ್ರದರ್ಸ್ ಎಂಬ ಪ್ರತಿಸ್ಪರ್ಧಿಯವರು ‘ಟ್ರೈಆಂಗ್’ ಹೆಸರಿನ ಅಗ್ಗದ ಪ್ಲಾಸ್ಟಿಕ್ ರೈಲನ್ನು ಮಾರುಕಟ್ಟೆಗೆ ತಂದರು. ಡಬ್ಲೋ ಪ್ರಿಯರು ಅದನ್ನು ಮಕ್ಕಳಾಟವೆಂದು ಮೂಗು ಮುರಿದರು. 1964ರಲ್ಲಿ ಆ ಲೈನ್ಸ್ ಬ್ರದರ್ಸ್ ಕಂಪೆನಿಯೇ ಮೆಕ್ಯಾನೊವನ್ನು ಕೊಂಡುಕೊಂಡಿತು. ಮರುವರ್ಷ ಎರಡನ್ನೂ ಸೇರಿಸಿ ‘ಟ್ರೈಆಂಗ್ ಹಾರ್ನ್‌ಬಿ’ ಎಂದರು. ಹೆಸರು ಹಾರ್ನ್‌ಬಿಯದು ಉಳಿಯಿತು. ಹಳಿ ಮಾತ್ರ ಟ್ರೈಆಂಗಿನದು.

ಎರಡರ ಹಳಿಯ ಅಗಲ ಒಂದೇ ಆಗಿದ್ದರೂ ಬೋಗಿಯಿಂದ ಬೋಗಿಗೆ ಸಿಕ್ಕಿಸುವ ಕೊಂಡಿಗಳು ಬೇರೆ ಬೇರೆ. ಗಿರಾಕಿಗಳ ಸಮಾಧಾನಕ್ಕೆಂದು ಕಂಪೆನಿಯವರು ಒಂದು ತುದಿಯಲ್ಲಿ ಡಬ್ಲೋ ಕೊಂಡಿ, ಇನ್ನೊಂದು ತುದಿಯಲ್ಲಿ ಟ್ರೈಆಂಗ್ ಕೊಂಡಿ ಇರುವ ವ್ಯಾಗನ್ನುಗಳನ್ನು ಮಾಡಿದರು. ಎರಡು ಬಗೆಯ ಹಳಿಗಳನ್ನು ಬೆಸೆಯುವ ತುಂಡುಹಳಿಯನ್ನೂ ಕೊಟ್ಟರು. ಸೋತ ಮನೆಗೆ ಗೆದ್ದ ಮನೆಯವರು ಬಿಟ್ಟುಕೊಟ್ಟ ಓಣಿ ಅಷ್ಟೇ. ಡಬ್ಲೋ ಅಚ್ಚುಗಳಲ್ಲಿ ಹಲವು ರೆನ್ ಎಂಬ ಸಂಸ್ಥೆಗೆ ಹೋದವು. ಅಲ್ಲಿ ಅವು 1990ರ ದಶಕದ ಆರಂಭದವರೆಗೂ ಜೀವ ಹಿಡಿದುಕೊಂಡಿದ್ದವು. ಇತ್ತ ಹಳೆಯ ಹಾರ್ನ್‌ಬಿ ಪ್ರಿಯರು 1969ರಲ್ಲಿ ತಮ್ಮದೇ ಸಂಗ್ರಾಹಕರ ಸಂಘ ಕಟ್ಟಿಕೊಂಡರು. ಕಂಪೆನಿ ನೋಡಿಕೊಳ್ಳದ್ದನ್ನು ನಾವು ನೋಡಿಕೊಳ್ಳೋಣ ಎಂಬ ಧೋರಣೆ.

ಇಲ್ಲಿ ಹವ್ಯಾಸಿಗಳು ಅಷ್ಟಾಗಿ ಹೇಳದ ಒಂದು ಸಂಗತಿಯನ್ನೂ ಹೇಳಬೇಕು. ಮಾತು ಮೊದಲು ಮುರಿದದ್ದು ಹೊಸ ಯಜಮಾನನಲ್ಲ. ಮೂರು ಹಳಿಯ ಪದ್ಧತಿಯಲ್ಲಿದ್ದ ಡಬ್ಲೋ, 1959ರಲ್ಲಿ ತಾನೇ ಎರಡು ಹಳಿಯ ಪದ್ಧತಿಗೆ ಹೊರಳಿತ್ತು. ಅದು ಬಲು ತಡವಾದ ಹೊರಳು. ಹಳೆಯ ಗಿರಾಕಿಗಳು ಬೇಸರಗೊಂಡರು, ಅಂಗಡಿಗಳಲ್ಲಿ ಹಳೆಯ ಸರಕು ಉಳಿಯಿತು. ಕಂಪೆನಿ ಮಾರಾಟವಾಗುವ ಮುಂಚೆಯೇ ಒಳಗೆ ಸೊರಗಿತ್ತು. ಇನ್ನೂ ವಿಚಿತ್ರವೆಂದರೆ, ಆ ಟ್ರೈಆಂಗಿನ ವಂಶವೇ ಇಂದಿನ ಹಾರ್ನ್‌ಬಿ. ಒಂದು ತಲೆಮಾರು ಹಳಿದದ್ದನ್ನು ಮುಂದಿನ ತಲೆಮಾರು ಎದೆಗೆ ಅಪ್ಪಿಕೊಂಡಿತು. 1990ರ ದಶಕದಲ್ಲಿ ಹಾರ್ನ್‌ಬಿ ತಯಾರಿಕೆ ಇಂಗ್ಲೆಂಡಿನಿಂದ ಚೀನಾಕ್ಕೆ ಹೋದಾಗ ಇವರೂ ಹಳಹಳಿಸಿದರು. ಆದರೆ ಅಲ್ಲಿಂದ ಬಂದ ಎಂಜಿನ್ನುಗಳ ಕುಸುರಿ ಮೊದಲಿನವಕ್ಕಿಂತ ಎಷ್ಟೋ ಮೇಲಾಗಿತ್ತು.

ಹಾಗಾದರೆ ಹವ್ಯಾಸಿಯೇ ಒಡೆಯನಾದರೆ? ಅದೂ ನಡೆದಿದೆ. ಅಮೆರಿಕದಲ್ಲಿ ಜೋಷುವಾ ಲಯನೆಲ್ ಕೋವೆನ್ 1900ರಲ್ಲಿ ಆರಂಭಿಸಿದ ಲಯನೆಲ್ ರೈಲುಗಳ ತಯಾರಿಕೆ, ಹಲವು ಕೈ ದಾಟಿ, 1980ರ ದಶಕದಲ್ಲಿ ಮೆಕ್ಸಿಕೋಗೆ ಹೋಯಿತು. ಸರಕು ಸಮಯಕ್ಕೆ ಬರಲಿಲ್ಲ, ಗುಣಮಟ್ಟ ಇಳಿಯಿತೆಂಬ ದೂರುಗಳು ಎದ್ದವು. ಕೆಲವೇ ವರ್ಷಗಳಲ್ಲಿ ಕೆಲಸವನ್ನು ಮಿಷಿಗನ್ ರಾಜ್ಯಕ್ಕೆ ಮರಳಿ ತರಬೇಕಾಯಿತು. 1986ರಲ್ಲಿ ಅದನ್ನು ಕೊಂಡ ರಿಚರ್ಡ್ ಕೂನ್ ಸ್ವತಃ ಆಟದ ರೈಲುಗಳ ಸಂಗ್ರಾಹಕ. 1995ರಲ್ಲಿ ಅವನಿಂದ ಕೊಂಡವರಲ್ಲಿ ಹಾಡುಗಾರ ನೀಲ್ ಯಂಗ್ ಒಬ್ಬ. ಅವನ ಮಗನಿಗೆ ಮಿದುಳಿನ ಪಾರ್ಶ್ವವಾಯು, ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಆ ಮಗುವೂ ರೈಲು ಓಡಿಸಲೆಂದು ತಂದೆ ದೊಡ್ಡ ಗುಂಡಿಯ ನಿಯಂತ್ರಕವನ್ನು ರೂಪಿಸಹೊರಟು, ಕೊನೆಗೆ ಲಯನೆಲ್ ರೈಲುಗಳ ನಿಯಂತ್ರಣ ವ್ಯವಸ್ಥೆಯ ಬೆಳವಣಿಗೆಯಲ್ಲೇ ಪಾಲುಗೊಂಡ. ಇದಕ್ಕಿಂತ ಒಳ್ಳೆಯ ಒಡೆಯನನ್ನು ಹವ್ಯಾಸಿಗಳು ಬಯಸಲಾರರು. ಆದರೂ 2001ರಲ್ಲಿ ಮಿಷಿಗನ್ನಿನ ತಯಾರಿಕೆ ನಿಂತು ಕೆಲಸ ಪೂರ್ವ ಏಷ್ಯಾಕ್ಕೆ ಹೋಯಿತು. ಪ್ರೀತಿ ಇದ್ದ ಮಾತ್ರಕ್ಕೆ ಲೆಕ್ಕದ ಪುಸ್ತಕ ಸುಮ್ಮನಿರುವುದಿಲ್ಲ.

ಮತ್ತೆ ಗೋಪಿಂಗೆನ್‌ಗೆ ಬರೋಣ. ಮೆರ್ಕ್ಲಿನ್ ಒಂದು ಶತಮಾನದ ಕಾಲ ಮೂರು ಕುಟುಂಬಗಳ ಕೈಯಲ್ಲಿತ್ತು. ವಾರಸುದಾರರು ಹೆಚ್ಚಿದರು, ಒಮ್ಮತ ಕಡಿಮೆಯಾಯಿತು, ಸಾಲ ಬೆಳೆಯಿತು. ಎಲ್ಲಕ್ಕಿಂತ ಮಿಗಿಲಾಗಿ, ಹುಡುಗರು ಬೇರೆ ಆಟಗಳಿಗೆ ಹೋದರು. 2006ರಲ್ಲಿ ಕುಟುಂಬಗಳು ಕಂಪೆನಿಯನ್ನು ಲಂಡನ್ನಿನ ಕಿಂಗ್ಸ್‌ಬ್ರಿಜ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿದವು. ಅದರ ಜೊತೆಗೆ ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕೂ ಇತ್ತು. ಜರ್ಮನಿಯ ಸೋನೆಬರ್ಗ್ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವಾಯಿತು. ಸಲಹೆಗಾರರಿಗೆ ಕೊಟ್ಟ ಹಣದ ಮೊತ್ತ ಮುಂದೆ ದೊಡ್ಡ ಟೀಕೆಗೆ ಗುರಿಯಾಯಿತು. ಹವ್ಯಾಸಿಗಳ ದೃಷ್ಟಿಯಲ್ಲಿ ತಪ್ಪು ಒಂದೇ: ರೈಲು ಎಂದರೇನೆಂದು ತಿಳಿಯದವರ ಕೈಗೆ ರೈಲು ಸಿಕ್ಕಿತು. ಬ್ಯಾಂಕುಗಳೊಡನೆ ಸಾಲ ಮುಂದುವರಿಸುವ ಮಾತುಕತೆ ಮುರಿದುಬಿದ್ದು 2009ರ ಆ ದಿನ ಬಂತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ದಿವಾಳಿ ವ್ಯವಹಾರ ನೋಡಿಕೊಳ್ಳಲು ಬಂದ ವಕೀಲ ಮಿಖಾಯೆಲ್ ಪ್ಲೂಟಾ ಕಂಪೆನಿಯನ್ನು ತುಂಡು ತುಂಡಾಗಿ ಮಾರಲಿಲ್ಲ. ಖರ್ಚು ಕಡಿತವಾಯಿತು, ಕೆಲಸಗಾರರೂ ಕಡಿಮೆಯಾದರು. ಅಚ್ಚುಗಳು ಚದುರಲಿಲ್ಲ. ಗಿರಾಕಿಗಳೂ ಕೈಬಿಡಲಿಲ್ಲ; ಅವರು ಕೊಳ್ಳುವುದನ್ನು ನಿಲ್ಲಿಸಿದ್ದರೆ ಯಾವ ವಕೀಲನೂ ಏನೂ ಮಾಡುವಂತಿರಲಿಲ್ಲ. 2010ರ ಕೊನೆಗೆ ಸಾಲ ಕೊಟ್ಟವರು ಪುನರುಜ್ಜೀವನದ ಯೋಜನೆಯನ್ನು ಒಪ್ಪಿದರು. 2013ರಲ್ಲಿ ಫ್ಯೂರ್ತ್ ಊರಿನ ಸೀಬರ್ ಕುಟುಂಬ, ಎಂದರೆ ಸಿಂಬಾ ಡಿಕಿ ಆಟಿಕೆ ಸಮೂಹದ ಒಡೆಯರು, ಮೆರ್ಕ್ಲಿನ್ ಅನ್ನು ಕೊಂಡರು.

ಹವ್ಯಾಸಿಗಳು ಅರ್ಧ ನಿಟ್ಟುಸಿರು ಬಿಟ್ಟರು, ಇನ್ನರ್ಧ ಉಸಿರು ಬಿಗಿಹಿಡಿದರು. ಸದ್ಯ, ಹಣದ ವ್ಯಾಪಾರಿಗಳಲ್ಲ, ಆಟಿಕೆಯವರು ಎಂಬುದು ಸಮಾಧಾನ. ಆದರೆ ಅಗ್ಗದ ಪ್ಲಾಸ್ಟಿಕ್ ಆಟಿಕೆಯವರಲ್ಲವೇ ಎಂಬುದು ಅನುಮಾನ. ಟ್ರೈಆಂಗ್ ಕಾಲದ ಅದೇ ಅನುಮಾನ, ಐವತ್ತು ವರ್ಷಗಳ ಮೇಲೆ ಇನ್ನೊಂದು ಭಾಷೆಯಲ್ಲಿ! ಈ ಬಾರಿ ಅದು ನಿಜವಾಗಲಿಲ್ಲ. ಕಾರ್ಖಾನೆ ಗೋಪಿಂಗೆನ್ನಿನಲ್ಲೂ ಹಂಗೇರಿಯ ಗ್ಯೋರ್ ಪಟ್ಟಣದಲ್ಲೂ ಮುಂದುವರಿಯಿತು. ಮೂರನೆಯ ವಾಹಕದ ಪದ್ಧತಿಯೂ ಉಳಿಯಿತು.

ಇದರಿಂದ ನಾವು ತಿಳಿಯುವುದೇನು? ಕಾಗದಪತ್ರದ ಪ್ರಕಾರ ಒಡೆಯರು ಷೇರುದಾರರು, ಅದರಲ್ಲಿ ಸಂಶಯವಿಲ್ಲ. ಆದರೆ ಮೆರ್ಕ್ಲಿನ್ ಎಂಬ ಹೆಸರಿಗೆ ಬೆಲೆ ಬಂದಿರುವುದು ಸಾವಿರಾರು ಮನೆಗಳ ಅಟ್ಟಗಳ ಮೇಲೆ ಈಗಾಗಲೇ ಓಡುತ್ತಿರುವ ರೈಲುಗಳಿಂದ. ಕಂಪೆನಿ ಕೊಳ್ಳುವವನು ಆ ನಂಬಿಕೆಗೂ ಸೇರಿಸಿಯೇ ದುಡ್ಡು ಕೊಡುತ್ತಾನೆ. ನಂಬಿಕೆಯನ್ನು ಅಚ್ಚಿನ ಹಾಗೆ ಸಾಗಿಸಲು ಬರುವುದಿಲ್ಲ. ಉಳಿಸಿಕೊಳ್ಳಬೇಕು, ಇಲ್ಲವೇ ಕಳೆದುಕೊಳ್ಳಬೇಕು. ಹವ್ಯಾಸಿಗಳು ಕೂಗಾಡುವುದು ಇದನ್ನು ನೆನಪಿಸಲಿಕ್ಕೆ.

ಅವರ ಕಡೆಗೂ ಒಂದು ಮಾತು ಹೇಳಬೇಕು. ಹಳೆಯದು ಹಾಗೆಯೇ ಇರಲಿ ಎಂದು ಹಟ ಹಿಡಿದರೆ ಸಾಲದು. ಅಟ್ಟದ ಮೇಲಿನ ಎಂಜಿನ್ನನ್ನು ಮುಟ್ಟಬೇಡ ಎಂದು ಮೊಮ್ಮಗನನ್ನು ಗದರುವ ಅಜ್ಜನೇ ಕಂಪೆನಿಯ ಮುಂದಿನ ಗಿರಾಕಿಯನ್ನು ಕಳೆಯುತ್ತಿರುತ್ತಾನೆ. ಲಂಡನ್ನಿನ ಹೂಡಿಕೆದಾರನನ್ನು ತಡೆಯುವುದು ಅವನ ಕೈಯಲ್ಲಿಲ್ಲ. ರೈಲು ಓಡಿಸುವ ಗುಂಡಿಯನ್ನು ಹುಡುಗನ ಕೈಗೆ ಕೊಡುವುದು ಅವನ ಕೈಯಲ್ಲೇ ಇದೆ.