ವಿದ್ಯುತ್ ಕಾರಿಗೆ ಬೀಗದ ಕೈ

ಹಿಂದಿನ ಕಾಲದ ಮನೆಗಳಲ್ಲಿ ಅಧಿಕಾರ ಯಾರದೆಂದು ತಿಳಿಯಬೇಕಾದರೆ, ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿದೆಯೆಂದು ನೋಡಿದರೆ ಸಾಕಾಗಿತ್ತು. ಅತ್ತೆಯ ಸೊಂಟದಿಂದ ಅದು ಸೊಸೆಯ ಸೊಂಟಕ್ಕೆ ಬಂದ ದಿನ ಉಗ್ರಾಣದ ಜೊತೆಗೆ ಸಂಸಾರದ ಭಾರವೂ ಅವಳದಾಗುತ್ತಿತ್ತು. ವಿದ್ಯುತ್ ಕಾರನ್ನು ಕೊಳ್ಳಹೊರಟ ನಿಮಗೆ ಈ ಮಾತೇಕೆ ಎನ್ನುವಿರೇನೋ. ಸ್ವಲ್ಪ ತಾಳಿ, ಕೊನೆಗೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು ೨೦೦೧ರಲ್ಲಿ ಬೀದಿಗಿಳಿದಾಗ ಈ ಪ್ರಶ್ನೆಯೇ ಇರಲಿಲ್ಲ. ಆಗಿನ ಫೋನು ಮಾತನಾಡುವುದಕ್ಕೆ ಮಾತ್ರ. ಈಗಲಾದರೋ ಅಂಗಡಿಯಲ್ಲಿ ಕೇಳುತ್ತಾರೆ: ಗುಂಡಿಯೊತ್ತುವ ರಿಮೋಟ್ ಕೀ ಇಟ್ಟುಕೊಳ್ಳುವಿರೋ, ನಿಮ್ಮ ಫೋನನ್ನೇ ಕೀ ಮಾಡಿಕೊಳ್ಳುವಿರೋ?

ಮೊದಲು ರಿಮೋಟ್ ಕೀಯನ್ನು ನೋಡೋಣ. ಅದು ಜೇಬಿನಲ್ಲಿದ್ದರೆ ಸಾಕು, ಬಾಗಿಲ ಹಿಡಿಗೆ ಕೈಯಿಟ್ಟೊಡನೆ ಬಾಗಿಲು ತೆರೆಯುತ್ತದೆ. ನಡೆಯುವುದಿಷ್ಟು: ಕಾರು ಸುಮಾರು ೧೨೫ ಕಿಲೋಹರ್ಟ್ಸ್‌ನ ಅಲೆಯೊಂದನ್ನು ಹೊರಡಿಸಿ ಕೀಯನ್ನು ಎಬ್ಬಿಸುತ್ತದೆ. ಇದು ಆಕಾಶವಾಣಿಯ ಮಧ್ಯಮ ತರಂಗಕ್ಕಿಂತಲೂ ಬಹಳ ಕೆಳಗಿನದು, ಒಂದೆರಡು ಮಾರು ದೂರ ಮಾತ್ರ ಮುಟ್ಟುವಂಥದು. ಎಚ್ಚೆತ್ತ ಕೀ ಮತ್ತೊಂದು ಅಲೆಯ ಮೇಲೆ ಗುಪ್ತ ಉತ್ತರವನ್ನು ಕಳುಹಿಸುತ್ತದೆ. ಇದಕ್ಕೆಲ್ಲ ನಾಣ್ಯದಂಥ ೩ ವೋಲ್ಟಿನ ಒಂದು ಸೆಲ್ಲು ಸಾಕು. ಸೆಲ್ಲು ಸತ್ತರೂ ಗಾಬರಿಯಿಲ್ಲ. ಅನೇಕ ಕೀಗಳ ಹೊಟ್ಟೆಯಲ್ಲಿ ಒಂದು ಲೋಹದ ಕೀ ಅಡಗಿರುತ್ತದೆ. ಅದರಿಂದ ಬಾಗಿಲು ತೆರೆದು, ಒಳಗೆ ಗುರುತು ಮಾಡಿದ ಜಾಗದಲ್ಲಿ ಕೀಯನ್ನು ಹಿಡಿದರೆ ಕಾರೇ ಅದಕ್ಕೆ ಬೇಕಾದ ಶಕ್ತಿಯನ್ನು ಕೊಟ್ಟು ಗುರುತು ಹಚ್ಚುತ್ತದೆ. ಮುದುಕರಿಗೂ ತಿಳಿಯುವ ಸಾಧನ.

ಆದರೆ ಕಳ್ಳರಿಗೂ ಅದರ ಗುಟ್ಟು ತಿಳಿದಿದೆ. ೨೦೧೧ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಇಟಿಎಚ್ ಸಂಸ್ಥೆಯ ಸಂಶೋಧಕರು ೮ ಕಂಪೆನಿಗಳ ೧೦ ಕಾರುಗಳನ್ನು ಪರೀಕ್ಷಿಸಿದರು. ಹತ್ತೂ ಸೋತವು. ಉಪಾಯ ಬಲು ಸುಲಭ. ಒಬ್ಬನು ಮನೆಯ ಬಾಗಿಲ ಹೊರಗೆ ಒಂದು ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬನು ಕಾರಿನ ಪಕ್ಕದಲ್ಲಿ. ಕಾರಿನ ಕರೆಯನ್ನು ಒಳಗಿನ ಮೊಳೆಗೆ ನೇತುಹಾಕಿದ ಕೀಗೂ, ಕೀಯ ಉತ್ತರವನ್ನು ಕಾರಿಗೂ ಇವರಿಬ್ಬರು ದಾಟಿಸುತ್ತಾರೆ. ಕಾರು ಪಾಪ, ಯಜಮಾನ ಪಕ್ಕದಲ್ಲೇ ಇದ್ದಾನೆಂದು ನಂಬುತ್ತದೆ. ೨೦೧೮ರಲ್ಲಿ ಬೆಲ್ಜಿಯಮಿನ ಲೂವೆನ್ ವಿಶ್ವವಿದ್ಯಾನಿಲಯದವರು ಟೆಸ್ಲಾ ಮಾಡೆಲ್ ಎಸ್ ಕಾರಿನ ಕೀಯನ್ನು ಕೆಲವೇ ಸೆಕೆಂಡುಗಳಲ್ಲಿ ನಕಲು ಮಾಡಿ ತೋರಿಸಿದರು. ಅದರ ಗುಪ್ತಲಿಪಿ ಬರಿಯ ೪೦ ಬಿಟ್ಟಿನದಾಗಿತ್ತು. ಕಂಪೆನಿಯು ಅದೇ ವರ್ಷ, ಗುಟ್ಟಿನ ಅಂಕಿಗಳನ್ನು ಒತ್ತಿದ ಹೊರತು ಕಾರು ಹೊರಡದಂಥ ಏರ್ಪಾಡನ್ನು ತಂದಿತು. ನಿಮ್ಮ ಕಾರಿನಲ್ಲಿ ಇಂಥ ಏರ್ಪಾಡಿದ್ದರೆ ಇಂದೇ ಹಾಕಿಕೊಳ್ಳಿ.

ಹಾಗಾದರೆ ಫೋನೇ ಮೇಲಲ್ಲವೇ? ಟೆಸ್ಲಾ ಕಂಪೆನಿ ೨೦೧೭ರಲ್ಲಿ ಮಾಡೆಲ್ ೩ ಕಾರನ್ನು ರಿಮೋಟ್ ಇಲ್ಲದೆಯೇ ಕೊಡತೊಡಗಿತು. ಫೋನು, ಅದಕ್ಕೆ ಜೊತೆಯಾಗಿ ಒಂದು ಕಾರ್ಡು, ಅಷ್ಟೆ. ಫೋನು ಹೇಗೂ ಕೈ ಬಿಡುವ ವಸ್ತುವಲ್ಲ. ಊರಿನಲ್ಲಿರುವ ಮಗನಿಗೆ ಇಲ್ಲಿಂದಲೇ ಕೀ ಕಳುಹಿಸಬಹುದು. ಅನುಕೂಲದಲ್ಲಿ ಅದನ್ನು ಮೀರಿಸುವುದಿಲ್ಲ. ಆದರೆ ಬ್ಲೂಟೂತ್ ಅಲೆಯನ್ನೂ ಅದೇ ರೀತಿ ದಾಟಿಸಬಹುದೆಂದು ೨೦೨೨ರಲ್ಲಿ ಎನ್‌ಸಿಸಿ ಗ್ರೂಪಿನವರು ತೋರಿಸಿಕೊಟ್ಟರು. ಇದಕ್ಕೆ ಮದ್ದು ದೂರವನ್ನು ಕಾಲದಿಂದ ಅಳೆಯುವುದು. ರೇಡಿಯೋ ಅಲೆ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಸುಮಾರು ೩೦ ಸೆಂಟಿಮೀಟರು ಸಾಗುತ್ತದೆ. ಉತ್ತರ ತಡವಾಗಿ ಬಂದರೆ ಕೀ ದೂರದಲ್ಲಿದೆಯೆಂದೇ ಅರ್ಥ. ಕಳ್ಳನು ಅಲೆಯನ್ನು ದಾಟಿಸಬಲ್ಲನೇ ಹೊರತು ಬೇಗ ಓಡಿಸಲಾರ. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಈ ವಿಧಾನ ೨೦೨೧ರ ಡಿಜಿಟಲ್ ಕೀ ೩ ಎಂಬ ಸಾಮಾನ್ಯ ನಿಯಮಾವಳಿಯಲ್ಲಿ ಸೇರಿದೆ. ಅಂಗಡಿಯವನನ್ನು ಬಣ್ಣದ ವಿಷಯ ಕೇಳುವ ಮುನ್ನ ಇದು ಕಾರಿನಲ್ಲಿಯೂ ನಿಮ್ಮ ಫೋನಿನಲ್ಲಿಯೂ ಇದೆಯೇ ಎಂದು ಕೇಳಿ.

ಇನ್ನು ಕೀ ಕೆಲಸ ಮಾಡದ ದಿನದ ಮಾತು. ೨೦೨೧ರ ನವೆಂಬರಿನಲ್ಲಿ ಟೆಸ್ಲಾದ ಕೇಂದ್ರ ಯಂತ್ರಗಳು ಕೆಲವು ಗಂಟೆ ಕೆಟ್ಟು, ಫೋನನ್ನು ನಂಬಿದ ಎಷ್ಟೋ ಮಂದಿ ಕಾರಿನ ಹೊರಗೇ ನಿಂತರು. ಇಲ್ಲೊಂದು ಸೂಕ್ಷ್ಮವಿದೆ. ಫೋನಿನ ಪರದೆಯಲ್ಲಿ ‘ತೆರೆ’ ಎಂದು ಒತ್ತಿದಾಗ ಆಜ್ಞೆ ಕಂಪೆನಿಯ ಮೂಲಕ ಸುತ್ತಿ ಬರುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಕು. ಬ್ಲೂಟೂತ್ ಕೀಯಾದರೆ ಫೋನಿಗೂ ಕಾರಿಗೂ ನೇರ ಮಾತು, ನೆಟ್‌ವರ್ಕ್ ಬೇಡ. ಎರಡೂ ಒಂದೇ ಎಂದುಕೊಂಡವರಿಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಆಗುಂಬೆಯ ಘಾಟಿಯಲ್ಲೋ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಯವರೆಗೆ ಕಾಯಬೇಡಿ. ಫೋನಿನ ನೆಟ್‌ವರ್ಕ್ ನಿಲ್ಲಿಸಿ, ಬ್ಲೂಟೂತ್ ಮಾತ್ರ ಉಳಿಸಿ, ಮನೆಯ ಮುಂದೆಯೇ ಬಾಗಿಲು ತೆರೆಯುತ್ತದೆಯೋ ಎಂದು ನೋಡಿ.

ಫೋನಿನ ಬ್ಯಾಟರಿ ಮುಗಿದರೆ? ಕೆಲವು ಐಫೋನುಗಳು ಆರಿದ ಮೇಲೂ ೫ ಗಂಟೆಯವರೆಗೆ, ಹಿಡಿಗೆ ತಾಗಿಸಿದರೆ ಕೀಯಾಗಿ ಕೆಲಸ ಮಾಡಬಲ್ಲವು. ಕಾರೂ ಅದಕ್ಕೆ ಒಪ್ಪುವಂತಿರಬೇಕು. ಕಾರಿನ ಬ್ಯಾಟರಿಯ ಕಥೆ ಬೇರೆ. ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಬಾಗಿಲ ಬೀಗಗಳನ್ನು ನಡೆಸುವುದು ಸಾಮಾನ್ಯವಾಗಿ ೧೨ ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಸತ್ತರೆ ಫೋನೂ ವ್ಯರ್ಥ, ರಿಮೋಟ್ ಗುಂಡಿಯೂ ವ್ಯರ್ಥ. ಆಗ ಒದಗುವುದು ಆ ಲೋಹದ ತುಂಡೊಂದೇ. ಮಾಡೆಲ್ ೩ರಲ್ಲಿ ಕೀ ತೂತೇ ಇಲ್ಲ. ಮುಂದಿನ ಬಂಪರಿನ ಒಂದು ಮುಚ್ಚಳದ ಹಿಂದಿನ ತಂತಿಗಳಿಗೆ ಹೊರಗಿನ ಬ್ಯಾಟರಿಯನ್ನು ಜೋಡಿಸಿ ಮುಂದಿನ ಡಿಕ್ಕಿಯನ್ನು ತೆರೆಯಬೇಕು. ನಡುರಾತ್ರಿ ಆ ಬ್ಯಾಟರಿ ಎಲ್ಲಿಂದ ತರುವಿರೋ ಯೋಚಿಸಿ.

ಈಗ ಸೊಂಟದ ಗೊಂಚಲಿಗೆ ಬರುತ್ತೇನೆ. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ: ಖಾತೆ ಯಾರ ಹೆಸರಿನಲ್ಲಿ? ಫೋನ್ ಕೀಗಳಿಗೆಲ್ಲ ಒಬ್ಬ ಖಾತೆದಾರನಿರುತ್ತಾನೆ. ಉಳಿದವರಿಗೆ ಕೀ ಕೊಡುವವನೂ ಕಿತ್ತುಕೊಳ್ಳುವವನೂ ಅವನೇ. ಕಾರು ಎಲ್ಲಿದೆಯೆಂಬುದೂ ಬಹುಮಟ್ಟಿಗೆ ಅವನಿಗೆ ಕಾಣುತ್ತಿರುತ್ತದೆ. ಹೆಂಡತಿ ದಿನವೂ ಓಡಿಸುವ ಕಾರು ಗಂಡನ ಖಾತೆಯಲ್ಲಿದ್ದರೆ, ಮನಸ್ತಾಪ ಬಂದ ದಿನ ಅವನು ಕುಳಿತಲ್ಲಿಂದಲೇ ಅವಳ ಕೀಯನ್ನು ಅಳಿಸಬಹುದು. ಅವಳು ತವರಿಗೆ ಹೋದಳೋ ವಕೀಲರಲ್ಲಿಗೆ ಹೋದಳೋ ನೋಡಬಹುದು. ರಿಮೋಟ್ ಕೀಯನ್ನು ಕಸಿಯಬೇಕಾದರೆ ಎದುರಿಗೆ ಬಂದು ಕೈಯೊಡ್ಡಬೇಕು. ನನ್ನ ದೃಷ್ಟಿಯಲ್ಲಿ ಆ ಹಳೆಯ ಕೀಯ ಪರವಾಗಿ ಇದು ದೊಡ್ಡ ವಾದ. ಆದ್ದರಿಂದ ಕಾರನ್ನು ನಿತ್ಯ ಓಡಿಸುವವರ ಹೆಸರಿನಲ್ಲಿಯೇ ಖಾತೆ ಇರಲಿ. ಹಳೆಯ ಕಾರು ಕೊಳ್ಳುವವರು ಎರಡೂ ರಿಮೋಟುಗಳನ್ನು ಎಣಿಸಿ ತೆಗೆದುಕೊಂಡು, ಮಾರಿದವನ ಖಾತೆಯನ್ನು ಕಣ್ಣೆದುರಿಗೇ ತೆಗೆಸಬೇಕು. ಇಲ್ಲದಿದ್ದರೆ ನಿಮ್ಮ ಕಾರಿನ ತಿರುಗಾಟವೆಲ್ಲ ಅವನಿಗೆ ತಿಳಿಯುತ್ತಿರುತ್ತದೆ.

ಒಬ್ಬರೇ ಓಡಿಸುವುದಾದರೆ ಫೋನನ್ನು ಧಾರಾಳವಾಗಿ ಬಳಸಿ. ಚಾಲಕನಿರುವ ಮನೆ, ಸ್ಮಾರ್ಟ್‌ಫೋನ್ ಒಗ್ಗದ ಹಿರಿಯರಿರುವ ಮನೆಯಾದರೆ ರಿಮೋಟೇ ಸರಿ. ಅದನ್ನು ಬೀದಿ ಬಾಗಿಲ ಮೊಳೆಗೆ ತೂಗುಹಾಕದೆ ಒಳಕೋಣೆಯಲ್ಲಿಡಿ. ಯಾವುದನ್ನಾರಿಸಿದರೂ ಫೋನನ್ನು ನಂಬದ ಇನ್ನೊಂದು ಕೀ ಜೊತೆಗಿರಲಿ. ಕಾರ್ಡಿಗೆ ಸೆಲ್ಲೂ ಬೇಡ, ನೆಟ್‌ವರ್ಕೂ ಬೇಡ. ಹಣದ ಪರ್ಸಿನಲ್ಲಿ ಹಿಡಿಯುತ್ತದೆ. ಕೆಲವರು ಅದನ್ನು ಫೋನಿನ ಕವಚದೊಳಗೇ ಸೇರಿಸಿಟ್ಟುಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ಬಸ್ಸಿನ ನೂಕುನುಗ್ಗಲಿನಲ್ಲಿ ಫೋನು ಹೋದರೆ ಕಾರ್ಡೂ ಅದರ ಹಿಂದೆಯೇ ಹೋಗುತ್ತದೆ.