ದವಾಖಾನೆಯಲ್ಲಿ ಕೂಸಿಗೆ ಪೆಟ್ಟಾದರೆ ತಂದೆತಾಯಿಗೆ ದಾರಿ ಯಾವುದು?

(ರೋಣ, ನರಗುಂದ ಮತ್ತು ಗಜೇಂದ್ರಗಡದ ಸಭೆಗಳಲ್ಲಿ ಮಾಡಿದ ಭಾಷಣ)



ಗಿರಣಿಯ ಪಗಾರ, ಹತ್ತಿಯ ಧಾರಣೆ, ಪೇಟೆಯ ಕರ, ಇವುಗಳ ವಿಷಯವನ್ನು ನಾವು ಅನೇಕ ಸಲ ಮಾತಾಡಿದ್ದೇವೆ. ಇಂದಿನ ಮಾತು ತೊಟ್ಟಿಲಿನದು. ಹೆರಿಗೆಗೆ ಹೋದ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಮನೆಗೆ ಬರುತ್ತಾಳೆ. ಆದರೆ ಕೂಸಿನ ಕೈ ಮೇಲೇಳುವದಿಲ್ಲ, ಕುತ್ತಿಗೆ ನಿಲ್ಲುವದಿಲ್ಲ, ಕಣ್ಣು ದೀಪದ ಕಡೆ ಹೊರಳುವದಿಲ್ಲ. ಕೇಳಿದರೆ “ನಿಮ್ಮ ಹಣೆಬರಹ” ಎಂಬ ಉತ್ತರ. ಹಿರಿಯರು ದೇವರ ಮೇಲೆ ಭಾರ ಹಾಕಿ ಸುಮ್ಮನಾಗುತ್ತಾರೆ. ಹುಡುಗರು ಕಲ್ಲು ಹಿಡಿದು ದವಾಖಾನೆಯ ಕಡೆ ಓಡುತ್ತಾರೆ. ಎರಡರಿಂದಲೂ ಕೂಸಿಗೆ ಒಂದು ದಮ್ಮಡಿ ಬರುವದಿಲ್ಲ. ಕಲ್ಲೆಸೆದವರ ಮೇಲೆ 2009ರ ರಾಜ್ಯ ಕಾಯದೆಯಂತೆ ಜಾಮೀನಿಲ್ಲದ ಖಟ್ಲೆ ಬೀಳುವದು ಮಾತ್ರ ಖಂಡಿತ.

ಕೂಸಿಗೆ ಕಾಯದೆಯಲ್ಲಿ ಹಕ್ಕಿದೆ. ಆ ಹಕ್ಕನ್ನು ಅದರ ಪರವಾಗಿ ವೇಳೆಯೊಳಗೆ ಕೇಳಬೇಕಾದವರು ನಾವು. ಇದೇ ಇಂದಿನ ಪಾಠ.

ಮೊದಲು ನ್ಯಾಯದ ಮಾತು. ಪ್ರತಿಯೊಂದು ದುರ್ದೈವಕ್ಕೂ ಡಾಕ್ಟರರೇ ಕಾರಣರಲ್ಲ. ಎಲ್ಲ ಎಚ್ಚರ ವಹಿಸಿದರೂ ಕೆಲವು ಕೂಸುಗಳಿಗೆ ತೊಂದರೆಯಾಗುತ್ತದೆ. ಸಾಮಾನ್ಯ ತಿಳುವಳಿಕೆಯ ಡಾಕ್ಟರನು ಮಾಡಬೇಕಾದುದನ್ನು ಮಾಡದಿದ್ದರೆ, ಮಾಡಬಾರದುದನ್ನು ಮಾಡಿದರೆ, ಅದರಿಂದಲೇ ಪೆಟ್ಟಾದರೆ, ಅದಕ್ಕೆ ನಿಷ್ಕಾಳಜಿ ಎನ್ನುತ್ತಾರೆ. ಹೆರಿಗೆ ತಡೆದು ನಿಂತಾಗ ಕೂಸಿನ ಎದೆಬಡಿತ ನೋಡದೆ ಬಿಡುವದು, ಏರಿದ ಕಾಮಾಲೆಯನ್ನು ಕಾಣದಂತಿರುವದು, ತಪ್ಪು ಇಂಜೆಕ್ಷನ್ ಚುಚ್ಚುವದು, ಇವು ಅದರ ಮಾದರಿಗಳು.

ಒಂದು ದಾವೆಯ ಕಥೆ ಕೇಳಿರಿ. 1996ರ ಆಗಸ್ಟಿನಲ್ಲಿ ಚೆನ್ನೈಯ ಎಗ್ಮೋರ್ ಸರಕಾರಿ ಹೆರಿಗೆ ದವಾಖಾನೆಯಲ್ಲಿ ದಿನ ತುಂಬದ ಹೆಣ್ಣು ಕೂಸೊಂದು ಹುಟ್ಟಿತು. ತೂಕ 1250 ಗ್ರಾಂ. ಇಂಥ ಕೂಸುಗಳ ಕಣ್ಣಿನ ಹಿಂಪರೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡು ಬರುವ ಭಯವಿರುತ್ತದೆ. ವೇಳೆಗೆ ನೋಡಿದರೆ ತಪ್ಪಿಸಬಹುದು. ಆದರೆ ಯಾರೂ ಕಣ್ಣು ಪರೀಕ್ಷಿಸಲಿಲ್ಲ, ತಂದೆತಾಯಿಗೆ ಎಚ್ಚರಿಕೆ ಕೊಡಲಿಲ್ಲ. ಕೂಸು ಕುರುಡಾಯಿತು. ತಂದೆ ಬಿಡಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗವು 5 ಲಕ್ಷ ರೂಪಾಯಿ ಕೊಡಿಸಿತು. ಅಷ್ಟು ಸಾಲದೆಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 2015ರ ಜುಲೈಯಲ್ಲಿ ಆ ಕೋರ್ಟು ಮುಂದಿನ ಚಿಕಿತ್ಸೆಗೆಂದು 1 ಕೋಟಿ 38 ಲಕ್ಷ, ಆಗಲೇ ಆಗಿದ್ದ ಖರ್ಚಿಗೆ ಬೇರೆ 42 ಲಕ್ಷಕ್ಕೂ ಮಿಕ್ಕಿ ಕೊಡಬೇಕೆಂದು ತೀರ್ಪಿತ್ತಿತು. ಸರಕಾರಿ ದವಾಖಾನೆಯ ತಪ್ಪಿಗೆ ಸರಕಾರವೂ ಹೊಣೆ ಎಂದಿತು. ಸುಮಾರು 19 ವರ್ಷ ಹಿಡಿಯಿತು, ನಿಜ. ಆದರೆ ಕೊನೆಗೆ ಗೆದ್ದರು.

ತಾಯಂದಿರೆ, ಇದನ್ನು ನೆನಪಿಡಿರಿ: 2 ಕಿಲೋಗಿಂತ ಕಡಿಮೆ ತೂಕದ, ಇಲ್ಲವೆ 34 ವಾರದೊಳಗೆ ಹುಟ್ಟಿದ ಕೂಸಿನ ಕಣ್ಣನ್ನು 30 ದಿನದೊಳಗೆ ಕಣ್ಣಿನ ಡಾಕ್ಟರರಿಗೆ ತೋರಿಸಲೇಬೇಕು.

ಈಗ ಮಾಡತಕ್ಕದ್ದೇನು? ಎಲ್ಲಕ್ಕೂ ಮೊದಲು ಕಾಗದ. ದವಾಖಾನೆಯ ದಾಖಲೆಗಳ ನಕಲು ಬೇಕೆಂದು ಬರೆದು ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಪಡೆಯಿರಿ. 2002ರ ವೈದ್ಯಕೀಯ ನಿಯಮಗಳಂತೆ 72 ತಾಸಿನೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು 3 ವರ್ಷ ಇಡಬೇಕೆಂದು ಮಾತ್ರ ಅಲ್ಲಿ ನಿಯಮ, ಆದುದರಿಂದ ತಡಮಾಡಬೇಡಿರಿ. ಹೆರಿಗೆಯ ತಖ್ತೆ, ಎದೆಬಡಿತದ ಟಿಪ್ಪಣಿ, ಔಷಧದ ಚೀಟಿ, ಹಣ ಕೊಟ್ಟ ಪಾವತಿ, ತಾಯಿ ಕಾರ್ಡು, ಎಲ್ಲ ಬೇಕು. ಗದಗಿಗೋ ಹುಬ್ಬಳ್ಳಿಗೋ ಕಳಿಸಿದ್ದರೆ, ಕಳಿಸಿದ ವೇಳೆ ಬರೆದ ಚೀಟಿ ಬೇಕು. ಶಾಲೆಯಲ್ಲಿ ಹುಡುಗರಿಗೆ ಅಂಕ ಹಾಕಿದಂತೆ, ಹುಟ್ಟಿದ ಕೂಸಿಗೂ 1ನೆಯ ಹಾಗೂ 5ನೆಯ ನಿಮಿಷಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುತ್ತಾರೆ. ಅದಕ್ಕೆ ಅಪ್ಗಾರ್ ಅಂಕವೆಂದು ಹೆಸರು. ಕೂಸು ಹುಟ್ಟಿದಾಗ ಅತ್ತಿತೋ ಇಲ್ಲವೋ ಎಂಬುದನ್ನು ಅದು ಹೇಳುತ್ತದೆ. ಅದರ ನಕಲನ್ನೂ ಕೇಳಿರಿ. ಸರಕಾರಿ ದವಾಖಾನೆ ಕೊಡದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯದೆಯಂತೆ ಅರ್ಜಿ ಹಾಕಿರಿ.

ಕಾಗದ ಕೈಗೆ ಬಂದ ಮೇಲೆ ದಾರಿಗಳು ನಾಲ್ಕು.

ಒಂದನೆಯದು, ಗದಗಿನ ಜಿಲ್ಲಾ ಗ್ರಾಹಕ ಆಯೋಗ. ವೈದ್ಯಕೀಯ ಸೇವೆಗೂ ಗ್ರಾಹಕ ಕಾಯದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಕೂಸೂ ಗ್ರಾಹಕ, ತಂದೆತಾಯಿಯೂ ಗ್ರಾಹಕರು ಎಂದು 1998ರಲ್ಲಿ ಹೇಳಿ, ಇಂಜೆಕ್ಷನ್ನಿನಿಂದ ಹಾನಿಗೊಂಡ ಕೂಸಿಗೆ 12.5 ಲಕ್ಷ, ತಂದೆತಾಯಿಯ ಸಂಕಟಕ್ಕೆ 5 ಲಕ್ಷ ಕೊಡಿಸಿತು. 2019ರ ಕಾಯದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ಫಿರ್ಯಾದಿ ಕೊಡಬಹುದು. ಹುಬ್ಬಳ್ಳಿಯ ದವಾಖಾನೆಯ ಮೇಲಿನ ಫಿರ್ಯಾದಿಯೂ ಗದಗಿನಲ್ಲಿ ನಡೆಯುತ್ತದೆ. ದವಾಖಾನೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀ ಇಲ್ಲ. ವಾಯಿದೆ 2 ವರ್ಷ.

ಎರಡನೆಯದು, ದಿವಾಣಿ ಕೋರ್ಟು. ಯಾರಿಂದಲೂ ಹಣ ಪಡೆಯದೆ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ದವಾಖಾನೆ ಗ್ರಾಹಕ ಕಾಯದೆಗೆ ಒಳಪಡುವದಿಲ್ಲ. ಕೆಲವರಿಂದ ಹಣ ಪಡೆಯುತ್ತಿದ್ದರೆ ಪುಕ್ಕಟೆ ರೋಗಿಯೂ ಗ್ರಾಹಕನೇ. ಪೂರ್ತಿ ಪುಕ್ಕಟೆಯ ಸರಕಾರಿ ದವಾಖಾನೆಯಾದರೆ ಸರಕಾರಕ್ಕೆ 2 ತಿಂಗಳ ನೋಟೀಸು ಕೊಟ್ಟು ದಾವೆ ಹೂಡಬೇಕು. ಧಾರವಾಡದ ಹೈಕೋರ್ಟು ಪೀಠಕ್ಕೂ ಹೋಗಬಹುದು. ಕೋರ್ಟ್ ಫೀ ಕಟ್ಟಲಾರದ ಬಡವನಿಗೆ ಬಡವನೆಂದೇ ದಾವೆ ಹೂಡುವ ಅವಕಾಶವಿದೆ. ಕೂಸಿಗೆ 18 ತುಂಬುವವರೆಗೆ ಅದರ ದಿವಾಣಿ ವಾಯಿದೆ ಓಡುವದಿಲ್ಲ. ಆದರೆ ಆ ಹೊತ್ತಿಗೆ ಕಾಗದವೆಲ್ಲಿ, ಸಾಕ್ಷಿಯೆಲ್ಲಿ?

ಮೂರನೆಯದು, ಅಧಿಕಾರಿಗಳು. ಡಾಕ್ಟರರ ನಡತೆಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು. ಖಾಸಗಿ ದವಾಖಾನೆಯ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು. ಪರಿಷತ್ತು ಡಾಕ್ಟರರ ಹೆಸರನ್ನು ಪಟ್ಟಿಯಿಂದ ತೆಗೆಯಬಲ್ಲದು; ಪರಿಹಾರದ ಹಣ ಕೊಡಿಸಲಾರದು.

ನಾಲ್ಕನೆಯದು, ಪೋಲೀಸು. ಘೋರ ನಿಷ್ಕಾಳಜಿ ಇದ್ದರೆ ಮಾತ್ರ ಫೌಜದಾರಿ ಖಟ್ಲೆ ನಿಲ್ಲುತ್ತದೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ಮೊದಲು ಬೇರೆ ಡಾಕ್ಟರರ ಅಭಿಪ್ರಾಯ ಪಡೆಯಬೇಕೆಂದೂ ಹೇಳಿದೆ. ಅಪರಾಧಿಗೆ ಶಿಕ್ಷೆಯಾದೀತು, ಕೂಸಿನ ಔಷಧದ ಖರ್ಚು ಹೊರಡಲಿಕ್ಕೆ ಮೊದಲಿನ ಎರಡು ದಾರಿಗಳೇ ಬೇಕು.

ವಕೀಲರ ಫೀ ಎಲ್ಲಿಂದ ತರೋಣ ಎನ್ನುವಿರಿ. 1987ರ ಕಾನೂನು ಸೇವಾ ಕಾಯದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಗಿರಣಿ ಕಾರ್ಮಿಕರಿಗೆ ಪುಕ್ಕಟೆ ವಕೀಲರನ್ನು ಕೊಡಬೇಕು. ತಾಯಿಗೂ ಕೂಸಿಗೂ ಆದಾಯದ ಲೆಕ್ಕ ಕೇಳುವಂತಿಲ್ಲ. ಆದುದರಿಂದ ಸಣ್ಣ ಅಂಗಡಿಯವನ ಹೆಂಡತಿಯೂ ಅರ್ಜಿ ಹಾಕಬಹುದು. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ.

ಇನ್ನೊಂದು ಎಚ್ಚರಿಕೆ. ರಾತ್ರಿ ಮನೆಗೆ ಬಂದು ಇಪ್ಪತ್ತು ಸಾವಿರ ಕೈಗಿಟ್ಟು ಬರೆದ ಕಾಗದಕ್ಕೆ ಹೆಬ್ಬೆಟ್ಟು ಕೇಳುವವರು ಇರುತ್ತಾರೆ. ಒತ್ತಬೇಡಿರಿ. ಆ ಕೂಸು ಐವತ್ತು ಅರವತ್ತು ವರ್ಷ ಬದುಕಬೇಕಾಗಿದೆ. ದಾವೆ ನಡೆದಿರುವಾಗ ಅಪ್ರಾಪ್ತ ಕೂಸಿನ ಪರವಾಗಿ ರಾಜಿಯಾಗಲು ಕೋರ್ಟಿನ ಅಪ್ಪಣೆಯೇ ಬೇಕು. ತಂದೆಯ ಸಹಿಯೊಂದೇ ಸಾಲದು.

ಬಾಗಿಲಿನಿಂದಲೇ ತಿರುಗಿ ಕಳಿಸಿದರೆ? 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ತಾಯಿ ಕಾರ್ಡು ಇಲ್ಲವೆಂದು ಬಡ ಗರ್ಭಿಣಿಯೊಬ್ಬಳನ್ನು ಸೇರಿಸಿಕೊಳ್ಳಲಿಲ್ಲ. ಮನೆಯಲ್ಲಿ ಹೆತ್ತು ಆಕೆಯೂ ಅವಳಿ ಕೂಸುಗಳೂ ಸತ್ತರು. ಡಾಕ್ಟರರನ್ನೂ ದಾದಿಯರನ್ನೂ ಅಮಾನತು ಮಾಡಿದರು. ಹೋದ ಜೀವ ಬರಲಿಲ್ಲ. ಸರಕಾರಿ ದವಾಖಾನೆ ಆಪತ್ತಿನ ರೋಗಿಯನ್ನು ತಿರುಗಿಸಿದರೆ ಜೀವಿಸುವ ಹಕ್ಕೇ ಭಂಗವಾದಂತೆ ಎಂದು ಸುಪ್ರೀಂ ಕೋರ್ಟು 1996ರಲ್ಲಿಯೇ ಹೇಳಿತ್ತು. ಆ ದಾವೆ ತಂದವರು ಯಾರು ಬಲ್ಲಿರಾ? ಪಶ್ಚಿಮ ಬಂಗಾಳದ ಖೇತ್ ಮಜದೂರ್ ಸಮಿತಿ. ರೈಲಿನಿಂದ ಬಿದ್ದ ತಮ್ಮ ಒಬ್ಬ ಕೂಲಿಕಾರನಿಗಾಗಿ ಕೂಲಿಕಾರರ ಸಂಘವೇ ದಿಲ್ಲಿಯವರೆಗೆ ಹೋಯಿತು.

1980ರ ಜುಲೈಯಲ್ಲಿ ಕರದ ಪ್ರಶ್ನೆಗೆ ಎದ್ದು ನಿಂತ ನರಗುಂದದ ನೆಲ ಇದು. ಒಂದು ಕೂಸಿನ ಪ್ರಶ್ನೆಗೆ ಒಗ್ಗಟ್ಟಾಗಲಾರೆವೇ? ಪ್ರತಿ ಓಣಿಯಲ್ಲಿಯೂ ಓದುಬರಹ ಬಲ್ಲ ಇಬ್ಬರು ಮುಂದೆ ಬರಲಿ. ಹೆರಿಗೆಯ ಮನೆಗೆ ಹೋಗಿ ಚೀಟಿಗಳನ್ನು ಒಂದು ಚೀಲದಲ್ಲಿ ಕಟ್ಟಿಸಿಡಲಿ. ತೊಂದರೆಯಾದರೆ ಮೊದಲ ಅರ್ಜಿ ಬರೆದು ಕೊಡಲಿ. ತಾರೀಖಿನ ದಿನ ಗದಗಿಗೆ ಜೊತೆಗೂಡಿ ಹೋಗಲಿ. ದಿನಗೂಲಿ ಬಿಟ್ಟು ಒಬ್ಬನೇ ಕೋರ್ಟಿಗೆ ತಿರುಗುವ ತಂದೆ ಮೂರನೆಯ ತಾರೀಖಿಗೆ ಸೋಲುತ್ತಾನೆ. ಅವನ ಹಿಂದೆ ಹತ್ತು ಜನರಿದ್ದರೆ ಕೊನೆಯ ತಾರೀಖಿನವರೆಗೂ ನಿಲ್ಲುತ್ತಾನೆ. ಈ ಕೆಲಸಕ್ಕೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲಿಯೇ ನಿಲ್ಲಿರಿ.